ಚುನಾವಣೆಯಿಲ್ಲದ ದಿನಗಳಲ್ಲಿ ಚುನಾವಣಾ ಆಯೋಗ

ನವದೆಹಲಿಯ ಅಶೋಕ ರಸ್ತೆಯಲ್ಲಿರುವ ನಿರ್ವಾಚನ ಸದನದ ಹೆಸರು ಜನಸಾಮಾನ್ಯರ ಕಿವಿಗೆ ಬೀಳುವುದು ಚುನಾವಣೆ ಹತ್ತಿರ ಬಂದಾಗ ಮಾತ್ರ. ಮತದಾನದ ದಿನಾಂಕಗಳು ಘೋಷಣೆಯಾಗುತ್ತವೆ, ಮಾದರಿ ನೀತಿಸಂಹಿತೆ ಜಾರಿಗೆ ಬರುತ್ತದೆ, ಮತ ಎಣಿಕೆ ಮುಗಿದು ಫಲಿತಾಂಶ ಪ್ರಕಟವಾಗುತ್ತದೆ. ಅಲ್ಲಿಗೆ ಭಾರತದ ಚುನಾವಣಾ ಆಯೋಗವು ತನ್ನ ಕಡತಗಳನ್ನು ಕಟ್ಟಿಟ್ಟು ಮುಂದಿನ ಚುನಾವಣೆಯವರೆಗೆ ವಿಶ್ರಮಿಸುತ್ತದೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ವಸ್ತುಸ್ಥಿತಿ ಹಾಗಿಲ್ಲ. ಮತದಾನದ ದಿನ ನಮಗೆ ಕಾಣುವುದು ವರ್ಷವಿಡೀ ನಡೆದ ಕೆಲಸದ ಕೊನೆಯ ಭಾಗವಷ್ಟೆ.

ಆ ಕೆಲಸದಲ್ಲಿ ಎರಡು ದಫ್ತರಗಳು ಮುಖ್ಯವಾದವು. ಒಂದು ಹೆಸರುಗಳ ದಫ್ತರ, ಅಂದರೆ ಮತದಾರರ ಪಟ್ಟಿ. ಇನ್ನೊಂದು ಹಣದ ದಫ್ತರ, ಅಂದರೆ ಅಭ್ಯರ್ಥಿಗಳು ಮತ್ತು ರಾಜಕೀಯ ಪಕ್ಷಗಳು ಸಲ್ಲಿಸಬೇಕಾದ ಲೆಕ್ಕಪತ್ರಗಳು. ಮೊದಲನೆಯದರಲ್ಲಿ ಲೋಪವಾದರೆ ಅರ್ಹ ನಾಗರಿಕನು ಮತಗಟ್ಟೆಯಿಂದ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಎರಡನೆಯದರಲ್ಲಿ ಲೋಪವಾದರೆ ಅವನು ಹಾಕಿದ ಮತದ ತೂಕವೇ ಕಡಿಮೆಯಾಗುತ್ತದೆ. ಈ ಎರಡನ್ನೂ ಕುರಿತು, ವಿಶೇಷವಾಗಿ ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡಿಗರ ದೃಷ್ಟಿಯಿಂದ, ಇಲ್ಲಿ ವಿವರಿಸಲಾಗಿದೆ.

ಆಯೋಗದ ಸ್ವರೂಪ

ಸಂವಿಧಾನದ 324ನೆಯ ಅನುಚ್ಛೇದದ ಮೇರೆಗೆ ಆಯೋಗವು 1950ರ ಜನವರಿ 25ರಂದು, ಎಂದರೆ ಗಣರಾಜ್ಯೋದಯದ ಹಿಂದಿನ ದಿನ, ಅಸ್ತಿತ್ವಕ್ಕೆ ಬಂದಿತು. ಆ ದಿನವನ್ನು 2011ರಿಂದ ರಾಷ್ಟ್ರೀಯ ಮತದಾರರ ದಿನವೆಂದು ಆಚರಿಸಲಾಗುತ್ತಿದೆ. ಸಂಸತ್ತು, ರಾಜ್ಯ ವಿಧಾನಮಂಡಲಗಳು, ರಾಷ್ಟ್ರಪತಿ ಮತ್ತು ಉಪರಾಷ್ಟ್ರಪತಿ ಸ್ಥಾನಗಳ ಚುನಾವಣೆಗಳು ಈ ಆಯೋಗದ ವ್ಯಾಪ್ತಿಗೆ ಸೇರಿವೆ. ನಗರಪಾಲಿಕೆ ಮತ್ತು ಪಂಚಾಯಿತಿ ಚುನಾವಣೆಗಳನ್ನು ಆಯಾ ರಾಜ್ಯದ ಪ್ರತ್ಯೇಕ ರಾಜ್ಯ ಚುನಾವಣಾ ಆಯೋಗಗಳು ನಡೆಸುತ್ತವೆ. ಮುಂಬಯಿಯ ಮಹಾನಗರಪಾಲಿಕೆಯ ಚುನಾವಣೆಯ ಬಗೆಗಿನ ದೂರನ್ನು ದೆಹಲಿಗೆ ಬರೆದು ಉತ್ತರಕ್ಕಾಗಿ ಕಾಯುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಪ್ರಾರಂಭದಲ್ಲಿ ಮುಖ್ಯ ಚುನಾವಣಾ ಆಯುಕ್ತರೊಬ್ಬರೇ ಇದ್ದರು. ಶ್ರೀ ಸುಕುಮಾರ್ ಸೇನ್ ಅವರು ಆ ಹುದ್ದೆಯನ್ನು ವಹಿಸಿಕೊಂಡವರಲ್ಲಿ ಮೊದಲಿಗರು. 1989ರಲ್ಲಿ ಅಲ್ಪಕಾಲ ಮತ್ತು 1993ರ ಅಕ್ಟೋಬರಿನಿಂದ ನಿರಂತರವಾಗಿ ಇತರ ಇಬ್ಬರು ಆಯುಕ್ತರೂ ಇದ್ದಾರೆ. ಉಚ್ಚತಮ ನ್ಯಾಯಾಲಯದ ನ್ಯಾಯಾಧೀಶರನ್ನು ಪದಚ್ಯುತಗೊಳಿಸುವ ವಿಧಾನದಿಂದಲ್ಲದೆ ಮುಖ್ಯ ಆಯುಕ್ತರನ್ನು ತೆಗೆಯುವಂತಿಲ್ಲ. ಇತರ ಆಯುಕ್ತರನ್ನು ತೆಗೆಯಲು ಮುಖ್ಯ ಆಯುಕ್ತರ ಶಿಫಾರಸು ಅವಶ್ಯ. ನೇಮಕದ ವಿಧಾನವನ್ನು ಮಾತ್ರ ಸಂವಿಧಾನವು ಸಂಸತ್ತಿನ ಕಾನೂನಿಗೆ ಬಿಟ್ಟಿತ್ತು; ಅಂಥ ಕಾನೂನು ಎಪ್ಪತ್ತು ವರ್ಷಗಳಿಗೂ ಮಿಕ್ಕಿ ಬರಲಿಲ್ಲ. 2023ರ ಮಾರ್ಚ್ 2ರಂದು ಉಚ್ಚತಮ ನ್ಯಾಯಾಲಯವು, ಕಾನೂನು ರಚನೆಯಾಗುವವರೆಗೆ ಪ್ರಧಾನಮಂತ್ರಿ, ಲೋಕಸಭೆಯ ವಿರೋಧ ಪಕ್ಷದ ನಾಯಕ ಮತ್ತು ಭಾರತದ ಮುಖ್ಯ ನ್ಯಾಯಾಧೀಶರಿರುವ ಸಮಿತಿಯ ಸಲಹೆಯಂತೆ ನೇಮಕ ನಡೆಯತಕ್ಕದ್ದೆಂದು ತೀರ್ಪಿತ್ತಿತು. ಅದೇ ವರ್ಷದ ಕೊನೆಯಲ್ಲಿ ಸಂಸತ್ತು ಅಂಗೀಕರಿಸಿದ ಅಧಿನಿಯಮದಲ್ಲಿ ಮುಖ್ಯ ನ್ಯಾಯಾಧೀಶರ ಸ್ಥಾನದಲ್ಲಿ ಪ್ರಧಾನಮಂತ್ರಿಯವರು ಸೂಚಿಸುವ ಕೇಂದ್ರ ಸಚಿವರನ್ನು ಸೇರಿಸಲಾಗಿದೆ. ಈ ಬದಲಾವಣೆಯ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆಯೋಗದ ಸ್ವಾತಂತ್ರ್ಯವು ಅಧಿಕಾರದಿಂದ ತೆಗೆಯುವ ವಿಧಾನದಲ್ಲಿ ಎಷ್ಟು ಅಡಗಿದೆಯೋ ನೇಮಿಸುವ ವಿಧಾನದಲ್ಲಿಯೂ ಅಷ್ಟೇ ಅಡಗಿದೆಯಾದ್ದರಿಂದ ಆ ಚರ್ಚೆ ಅನವಶ್ಯಕವೆನ್ನಲಾಗದು.

ಆಯೋಗಕ್ಕೆ ದೆಹಲಿಯಲ್ಲಿರುವ ಸ್ವಂತ ಸಿಬ್ಬಂದಿ ಕೆಲವೇ ನೂರು ಮಂದಿ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದ ಮತದಾರರ ಸಂಖ್ಯೆ ಸುಮಾರು 97 ಕೋಟಿ, ಮತಗಟ್ಟೆಗಳು 10 ಲಕ್ಷಕ್ಕೂ ಹೆಚ್ಚು. ಈ ಎರಡು ಅಂಕಿಗಳ ನಡುವಣ ಅಂತರವನ್ನು ತುಂಬುವವರು ಎರವಲು ಪಡೆದ ನೌಕರರು. ಜಿಲ್ಲಾಧಿಕಾರಿಯೇ ಜಿಲ್ಲಾ ಚುನಾವಣಾಧಿಕಾರಿ. ಉಪವಿಭಾಗಾಧಿಕಾರಿಯೋ ತಹಸೀಲ್ದಾರರೋ ಮತದಾರರ ನೋಂದಣಾಧಿಕಾರಿ. ಬಹುತೇಕ ಕಡೆ ಶಾಲೆಯ ಮೇಷ್ಟ್ರು ಅಥವಾ ಅಂಗನವಾಡಿ ಕಾರ್ಯಕರ್ತೆಯೇ ಮತಗಟ್ಟೆ ಮಟ್ಟದ ಅಧಿಕಾರಿ. ಚುನಾವಣಾ ಕೆಲಸದಲ್ಲಿರುವಷ್ಟು ಕಾಲ ಇವರೆಲ್ಲರೂ ಆಯೋಗದ ನಿಯಂತ್ರಣ ಮತ್ತು ಶಿಸ್ತಿಗೆ ಒಳಪಟ್ಟಿರುತ್ತಾರೆ.

ಹೆಸರುಗಳ ದಫ್ತರ

1951-52ರಲ್ಲಿ ನಡೆದ ಪ್ರಥಮ ಮಹಾಚುನಾವಣೆಗೆ ಸಿದ್ಧವಾದ ಪಟ್ಟಿಯಲ್ಲಿ 17 ಕೋಟಿ 32 ಲಕ್ಷ ಹೆಸರುಗಳಿದ್ದವು. ಆ ಪಟ್ಟಿಯ ತಯಾರಿಯಲ್ಲಿ ಒಂದು ವಿಚಿತ್ರ ಸಮಸ್ಯೆ ಎದುರಾಯಿತು. ಉತ್ತರ ಹಾಗೂ ಮಧ್ಯ ಭಾರತದ ಅನೇಕ ಪ್ರಾಂತಗಳಲ್ಲಿ ಮನೆಯ ಹೆಂಗಸರು ಅಪರಿಚಿತರಿಗೆ ತಮ್ಮ ಹೆಸರನ್ನು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದೇ ಬರೆಯಿಸಿದರು. ಸ್ವಂತ ಹೆಸರಿಲ್ಲದ ನಮೂದನ್ನು ಇರಿಸಿಕೊಳ್ಳಲಾಗದೆಂದು ಸೇನ್ ಅವರು ನಿರ್ಧರಿಸಿದ್ದರಿಂದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಆ ಕ್ರಮ ಆಗ ಕಠಿಣವೆನಿಸಿದರೂ, ಮತದ ಹಕ್ಕು ಮನೆತನಕ್ಕಲ್ಲ, ವ್ಯಕ್ತಿಗೆ ಸೇರಿದ್ದೆಂಬ ತತ್ತ್ವವು ಅದರಿಂದ ನೆಲೆಗೊಂಡಿತು.

ಪಟ್ಟಿಯೆಂಬುದು ಒಮ್ಮೆ ಬರೆದು ಮುಗಿಸುವ ಗ್ರಂಥವಲ್ಲ. ಪ್ರತಿ ದಿನ ಜನರು ಹದಿನೆಂಟು ತುಂಬುತ್ತಾರೆ, ಸಾಯುತ್ತಾರೆ, ಮದುವೆಯಾಗಿ ಊರು ಬದಲಿಸುತ್ತಾರೆ, ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಆದಕಾರಣ ಪ್ರತಿ ವರ್ಷ ಸಂಕ್ಷಿಪ್ತ ಪರಿಷ್ಕರಣೆ ನಡೆಯುತ್ತದೆ. ಕರಡು ಪಟ್ಟಿ ಪ್ರಕಟವಾಗಿ, ಹಕ್ಕುಕೋರಿಕೆ ಹಾಗೂ ಆಕ್ಷೇಪಣೆಗಳನ್ನು ಸ್ವೀಕರಿಸಿ, ವಿಚಾರಣೆಯ ತರುವಾಯ ಅಂತಿಮ ಪಟ್ಟಿ ಹೊರಬೀಳುತ್ತದೆ. ಮೊದಲು ಜನವರಿ 1ನೆಯ ತಾರೀಖೊಂದೇ ಅರ್ಹತಾ ದಿನಾಂಕವಾಗಿತ್ತು; ಜನವರಿ 2ರಂದು ಹದಿನೆಂಟು ತುಂಬಿದವರು ಇಡೀ ವರ್ಷ ಕಾಯಬೇಕಾಗುತ್ತಿತ್ತು. 2022ರ ಆಗಸ್ಟ್ 1ರಿಂದ ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳು ಅರ್ಹತಾ ದಿನಾಂಕಗಳಾಗಿವೆ. ಹದಿನೇಳು ತುಂಬಿದವರು ಮುಂಗಡವಾಗಿ ಅರ್ಜಿ ಸಲ್ಲಿಸಬಹುದು.

ಊರು ಬಿಟ್ಟು ಬಂದವರ ಹೆಸರು ಎಲ್ಲಿರಬೇಕು? ಈ ಪ್ರಶ್ನೆಯು ಹೊರನಾಡ ಕನ್ನಡಿಗರನ್ನು ನೇರವಾಗಿ ತಟ್ಟುವಂಥದು. ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿರುವ ಕುಂದಾಪುರದ ಯುವಕನ ಹೆಸರು ಊರಿನ ಪಟ್ಟಿಯಲ್ಲೇ ಇರುತ್ತದೆ. ಪುಣೆಯಲ್ಲಿ ಇಪ್ಪತ್ತು ವರ್ಷಗಳಿಂದ ಸಂಸಾರ ಹೂಡಿರುವ ವಿಜಯಪುರ ಜಿಲ್ಲೆಯವರು ಅಲ್ಲೊಂದು ಹೆಸರು, ಇಲ್ಲೊಂದು ಹೆಸರು ಇಟ್ಟುಕೊಂಡಿರುವುದೂ ಉಂಟು. 1950ರ ಪ್ರಜಾಪ್ರಾತಿನಿಧ್ಯ ಅಧಿನಿಯಮವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಯಾವ ವ್ಯಕ್ತಿಯ ಹೆಸರೂ ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಅಥವಾ ಒಂದೇ ಕ್ಷೇತ್ರದಲ್ಲಿ ಎರಡು ಬಾರಿ ಇರತಕ್ಕದ್ದಲ್ಲ. ತಾನು ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ ಮಾತ್ರ ಅವನು ಮತದಾರ. ಊರಿನಲ್ಲಿ ಸ್ವಂತ ಮನೆಯಿದೆಯೆಂಬ ಮಾತ್ರಕ್ಕೆ ಆತನು ಅಲ್ಲಿಯ ನಿವಾಸಿಯೆನಿಸುವುದಿಲ್ಲ. ಹಾಗೆಯೇ, ತಾತ್ಕಾಲಿಕವಾಗಿ ಊರಿನಿಂದ ದೂರವಿದ್ದಾನೆಂಬ ಮಾತ್ರಕ್ಕೆ ಅಲ್ಲಿಯ ನಿವಾಸಿಯಾಗಿರುವುದು ತಪ್ಪುವುದೂ ಇಲ್ಲ. ನೋಂದಣಿಗಾಗಿ ಬುದ್ಧಿಪೂರ್ವಕ ಸುಳ್ಳು ಘೋಷಣೆ ಮಾಡಿದವರಿಗೆ ಒಂದು ವರ್ಷದವರೆಗಿನ ಕಾರಾಗೃಹವಾಸ ವಿಧಿಸಬಹುದು.

ಹಿರಿಯರ ಮನೆಯ ಮೇಲಿನ ಮಮತೆಯಿಂದ ಊರಿನ ಪಟ್ಟಿಯಲ್ಲಿ ಹೆಸರುಳಿಸಿಕೊಂಡು, ಮತದಾನದ ದಿನ ರಜೆ ಸಿಗದೆ ಅಲ್ಲಿಯೂ ಮತ ಹಾಕದೆ, ತಾವು ಬಾಳುವ ನಗರದಲ್ಲಿಯೂ ಮತವಿಲ್ಲದೆ ಉಳಿದವರ ಸಂಖ್ಯೆ ಚಿಕ್ಕದಾಗಿರಲಾರದು. ಅವರು ಕುಡಿಯುವ ನೀರು, ಅವರ ಮಕ್ಕಳ ಶಾಲೆ, ಅವರು ಓಡಾಡುವ ರಸ್ತೆ ಎಲ್ಲವೂ ಇರುವುದು ಈ ನಗರದಲ್ಲಿ. ವಲಸೆ ಹೋದವರು ತಾವಿರುವಲ್ಲಿಂದಲೇ ತಮ್ಮ ಊರಿನ ಕ್ಷೇತ್ರಕ್ಕೆ ಮತ ನೀಡಲು ಅನುವಾಗುವಂತೆ 72 ಕ್ಷೇತ್ರಗಳನ್ನು ಒಂದೇ ಮತಗಟ್ಟೆಯಿಂದ ನಿರ್ವಹಿಸಬಲ್ಲ ಯಂತ್ರದ ಮಾದರಿಯೊಂದನ್ನು ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿ, 2023ರ ಜನವರಿ 16ರಂದು ಪಕ್ಷಗಳನ್ನು ಕರೆದು ಚರ್ಚಿಸಿತು. ಅನೇಕ ಪಕ್ಷಗಳು ಸಂಶಯ ವ್ಯಕ್ತಪಡಿಸಿದ್ದರಿಂದ ಒಮ್ಮತ ಮೂಡಲಿಲ್ಲ.

ಆದ್ದರಿಂದ ಹೆಸರನ್ನು ವರ್ಗಾಯಿಸಿಕೊಳ್ಳುವುದೇ ಉಳಿದಿರುವ ದಾರಿ. ಹೊಸದಾಗಿ ಸೇರುವವರಿಗೆ ನಮೂನೆ 6, ಹೆಸರನ್ನು ತೆಗೆಸಲು ಅಥವಾ ಆಕ್ಷೇಪಿಸಲು ನಮೂನೆ 7. ನಿವಾಸ ಬದಲಾದವರು ಹಿಂದೆ ಬೇರೆ ಕ್ಷೇತ್ರಕ್ಕೆ ಹೋದಾಗ ಹೊಸಬರಂತೆ ನಮೂನೆ 6ನ್ನೇ ತುಂಬಬೇಕಾಗಿತ್ತು, ಹಳೆಯ ನಮೂದು ಹಾಗೆಯೇ ಉಳಿದುಬಿಡುತ್ತಿತ್ತು. 2022ರ ಆಗಸ್ಟಿನಿಂದ ಯಾವ ಕ್ಷೇತ್ರಕ್ಕೆ ಹೋದರೂ ನಮೂನೆ 8 ಒಂದೇ ಸಾಕು. ವಿಚಾರಣೆಗೆ 1950 ಎಂಬ ದೂರವಾಣಿ ಸಂಖ್ಯೆಯಿದೆ. ಆಯೋಗ ಹುಟ್ಟಿದ ಇಸವಿಯೇ ಆದ್ದರಿಂದ ನೆನಪಿಡುವುದು ಕಷ್ಟವಲ್ಲ.

ಹೆಸರು ಬಿಟ್ಟುಹೋಗುವ ಪ್ರಶ್ನೆ ಈಚಿನ ವರ್ಷಗಳಲ್ಲಿ ತೀವ್ರವಾಗಿದೆ. 2025ರ ಜೂನ್ 24ರ ಆದೇಶದಂತೆ ಬಿಹಾರದಲ್ಲಿ ವಿಶೇಷ ತೀವ್ರ ಪರಿಷ್ಕರಣೆಯನ್ನು ಕೈಗೊಂಡಾಗ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಮೃತರು, ಸ್ಥಳಾಂತರಗೊಂಡವರು, ಎರಡು ಕಡೆ ನಮೂದಾದವರು ಎಂಬ ಕಾರಣಗಳನ್ನು ಆಯೋಗ ನೀಡಿತು; ಬದುಕಿರುವ ಅರ್ಹರೂ ಬಿಟ್ಟುಹೋಗಿದ್ದಾರೆಂದು ಅರ್ಜಿದಾರರು ದೂರಿದರು. ಹೊರಗುಳಿದ ಪ್ರತಿಯೊಬ್ಬರ ಹೆಸರನ್ನೂ ಕಾರಣಸಹಿತ ಪ್ರಕಟಿಸತಕ್ಕದ್ದೆಂದು ಉಚ್ಚತಮ ನ್ಯಾಯಾಲಯವು ಆಗಸ್ಟ್ 14ರಂದು ಆಯೋಗಕ್ಕೆ ನಿರ್ದೇಶಿಸಿತು. ಸೆಪ್ಟೆಂಬರ್ 30ರಂದು ಹೊರಬಂದ ಅಂತಿಮ ಪಟ್ಟಿಯಲ್ಲಿ 7 ಕೋಟಿ 42 ಲಕ್ಷ ಮತದಾರರಿದ್ದರು. ಅದೇ ವರ್ಷ ಅಕ್ಟೋಬರ್ 27ರಂದು ತಮಿಳುನಾಡು, ಕೇರಳ, ಗೋವಾ ಒಳಗೊಂಡಂತೆ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಎರಡನೆಯ ಹಂತ ಘೋಷಿತವಾಯಿತು. ಕೆಲಸದ ನಿಮಿತ್ತ ಬಾಡಿಗೆ ಮನೆಗಳನ್ನು ಬದಲಿಸುತ್ತ ಹೋಗುವವರು ಇಂಥ ಪರಿಷ್ಕರಣೆಗಳಲ್ಲಿ ಮೊದಲು ತಪ್ಪಿಹೋಗುವವರೆಂಬುದನ್ನು ಚೆನ್ನೈಯ ವಾಚಕರಿಗೆ ವಿವರಿಸಬೇಕಾಗಿಲ್ಲ.

ಹೆಸರನ್ನು ಕೈಬಿಟ್ಟ ಆದೇಶವೇ ಕೊನೆಯ ಮಾತಲ್ಲ. ನೋಂದಣಾಧಿಕಾರಿಯ ನಿರ್ಣಯದ ವಿರುದ್ಧ 15 ದಿನಗಳೊಳಗೆ ಜಿಲ್ಲಾ ದಂಡಾಧಿಕಾರಿಯವರಿಗೂ, ಅಲ್ಲಿಯೂ ಸಮಾಧಾನ ಸಿಗದಿದ್ದಲ್ಲಿ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರಿಗೂ ಮೇಲ್ಮನವಿ ಸಲ್ಲಿಸಬಹುದು.

ಪಕ್ಷಗಳ ನೋಂದಣಿ

ಇನ್ನೊಂದು ಪಟ್ಟಿಯೂ ಆಯೋಗದ ಬಳಿ ಇದೆ. 1951ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ 29ಎ ಪ್ರಕರಣದ ಮೇರೆಗೆ 1989ರಿಂದ ರಾಜಕೀಯ ಪಕ್ಷಗಳು ಆಯೋಗದಲ್ಲಿ ನೋಂದಣಿಯಾಗುತ್ತವೆ. ನೋಂದಣಿ ಸುಲಭ, ಅದನ್ನು ರದ್ದುಪಡಿಸುವುದೇ ಕಷ್ಟ. ವಂಚನೆಯಿಂದ ನೋಂದಣಿ ಪಡೆದಂತಹ ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ ಪಕ್ಷದ ನೋಂದಣಿಯನ್ನು ರದ್ದುಗೊಳಿಸುವ ಅಧಿಕಾರ ಆಯೋಗಕ್ಕಿಲ್ಲವೆಂದು 2002ರಲ್ಲಿ ಉಚ್ಚತಮ ನ್ಯಾಯಾಲಯವು ತೀರ್ಮಾನಿಸಿತು. ಪರಿಣಾಮವಾಗಿ ಒಂದು ಚುನಾವಣೆಯನ್ನೂ ಎದುರಿಸದ, ಕೊಟ್ಟ ವಿಳಾಸದಲ್ಲಿ ಇಲ್ಲವೇ ಇಲ್ಲದ ಪಕ್ಷಗಳು ವರ್ಷ ವರ್ಷ ಬೆಳೆದವು. ನೋಂದಾಯಿತ ಪಕ್ಷಕ್ಕೆ ಆದಾಯ ತೆರಿಗೆಯ ವಿನಾಯಿತಿ ದೊರೆಯುವುದರಿಂದ ಇದು ಬರೀ ಕಾಗದದ ವಿಷಯವಲ್ಲ. 2019ರಿಂದ ಆರು ವರ್ಷ ಯಾವ ಚುನಾವಣೆಗೂ ನಿಲ್ಲದ ಪಕ್ಷಗಳನ್ನು ಗುರುತಿಸಿ ಆಯೋಗವು 2025ರ ಆಗಸ್ಟ್ 9ರಂದು 334 ಮತ್ತು ಸೆಪ್ಟೆಂಬರ್ 18ರಂದು 474 ಪಕ್ಷಗಳನ್ನು ಪಟ್ಟಿಯಿಂದ ತೆಗೆದುಹಾಕಿತು.

ಹಣದ ದಫ್ತರ: ಅಭ್ಯರ್ಥಿಯ ಲೆಕ್ಕ

ಅಭ್ಯರ್ಥಿಯು ಎಷ್ಟು ಖರ್ಚು ಮಾಡಬಹುದೆಂಬುದಕ್ಕೆ ಮೊದಲ ಚುನಾವಣೆಯಿಂದಲೂ ಮಿತಿಯಿದೆ. 2022ರ ಜನವರಿಯಲ್ಲಿ ಪರಿಷ್ಕೃತವಾದಂತೆ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಂಥ ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಗೆ 95 ಲಕ್ಷ ರೂಪಾಯಿ, ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷ ರೂಪಾಯಿ. ಚಿಕ್ಕ ರಾಜ್ಯಗಳಲ್ಲಿ ಇವು ಕ್ರಮವಾಗಿ 75 ಲಕ್ಷ ಮತ್ತು 28 ಲಕ್ಷ.

ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗೆ ಲೆಕ್ಕವಿಡಬೇಕು. ಆಯೋಗ ಕೊಡುವ ಲೆಕ್ಕದ ಪುಸ್ತಕದಲ್ಲಿ ದಿನವಹಿ ಖರ್ಚಿಗೆ ಬಿಳಿ ಹಾಳೆಗಳು, ನಗದಿಗೆ ಗುಲಾಬಿ, ಬ್ಯಾಂಕಿನ ವ್ಯವಹಾರಕ್ಕೆ ಹಳದಿ. ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಬಾರಿ ಈ ಪುಸ್ತಕವನ್ನು ಪರಿಶೀಲನೆಗೆ ಒಪ್ಪಿಸಬೇಕು. ಆದರೆ ಅಭ್ಯರ್ಥಿಯ ಲೆಕ್ಕವನ್ನೇ ನಂಬಿ ಕೂರುವ ಪದ್ಧತಿ 2010ರ ಬಿಹಾರ ವಿಧಾನಸಭಾ ಚುನಾವಣೆಯಿಂದ ಬದಲಾಗಿದೆ. ಸಭೆ, ಮೆರವಣಿಗೆಗಳನ್ನು ಚಿತ್ರೀಕರಿಸುವ ತಂಡಗಳು ತರುವ ಸಾಕ್ಷ್ಯದ ಆಧಾರದ ಮೇಲೆ ಅಧಿಕಾರಿಗಳು ತಾವೇ ಮತ್ತೊಂದು ಲೆಕ್ಕ ಬರೆಯುತ್ತಾರೆ. ಇದಕ್ಕೆ ಛಾಯಾ ದಾಖಲೆಯೆಂದು ಹೆಸರು. ಕುರ್ಚಿಗೆಷ್ಟು, ಶಾಮಿಯಾನಕ್ಕೆಷ್ಟು, ಒಂದು ಲೋಟ ಚಹಾಕ್ಕೆಷ್ಟು ಎಂಬ ದರಪಟ್ಟಿಯನ್ನು ಜಿಲ್ಲಾ ಚುನಾವಣಾಧಿಕಾರಿಯವರು ಪಕ್ಷಗಳೊಡನೆ ಸಮಾಲೋಚಿಸಿ ಮೊದಲೇ ನಿಗದಿ ಮಾಡಿರುತ್ತಾರೆ. ಎರಡು ಲೆಕ್ಕಗಳೂ ತಾಳೆಯಾಗದಿದ್ದಲ್ಲಿ ಅಭ್ಯರ್ಥಿಯು ಉತ್ತರಿಸಬೇಕಾಗುತ್ತದೆ.

ಚುನಾವಣೆ ಮುಗಿದು ಜನರು ಅದನ್ನು ಮರೆಯತೊಡಗಿದಾಗ ಆಯೋಗದ ಈ ಕೆಲಸ ಮೊದಲಾಗುತ್ತದೆ. ಫಲಿತಾಂಶದಿಂದ 30 ದಿನಗಳೊಳಗೆ ಗೆದ್ದವರೂ ಸೋತವರೂ, ಠೇವಣಿ ಕಳೆದುಕೊಂಡವರೂ ಲೆಕ್ಕ ಸಲ್ಲಿಸಲೇಬೇಕು. ಸಕಾರಣವಿಲ್ಲದೆ ತಪ್ಪಿದವರನ್ನು 10ಎ ಪ್ರಕರಣದನ್ವಯ ಮೂರು ವರ್ಷ ಅನರ್ಹಗೊಳಿಸುವ ಅಧಿಕಾರ ಆಯೋಗಕ್ಕಿದೆ. ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದ ಉದಾಹರಣೆ ಇಲ್ಲಿ ಪ್ರಸ್ತುತ. 2007ರಲ್ಲಿ ಅಲ್ಲಿಂದ ಆಯ್ಕೆಯಾದ ಶಾಸಕಿಯವರ ಪ್ರಚಾರ ಬರಹಗಳು ಎರಡು ಹಿಂದಿ ದಿನಪತ್ರಿಕೆಗಳಲ್ಲಿ ಸುದ್ದಿಯ ವೇಷದಲ್ಲಿ ಅಚ್ಚಾಗಿದ್ದವು. ಅದಕ್ಕಾದ 21,250 ರೂಪಾಯಿಯನ್ನು ಲೆಕ್ಕದಲ್ಲಿ ತೋರಿಸಿರಲಿಲ್ಲ. 2011ರ ಅಕ್ಟೋಬರ್ 20ರಂದು ಆಯೋಗವು ಅವರನ್ನು ಮೂರು ವರ್ಷಗಳ ಅವಧಿಗೆ ಅನರ್ಹಗೊಳಿಸಿತು. ಮೊತ್ತ ಚಿಕ್ಕದು, ಆದರೆ ಆಗ ಅಧಿಕಾರದಲ್ಲಿದ್ದ ಶಾಸಕರೊಬ್ಬರು ಖರ್ಚಿನ ಲೆಕ್ಕದ ಕಾರಣದಿಂದ ಸ್ಥಾನ ಕಳೆದುಕೊಂಡರು. ಅದಕ್ಕೆ ನಾಲ್ಕು ವರ್ಷಗಳು ಹಿಡಿದವೆಂಬುದನ್ನೂ ಮರೆಯಬಾರದು.

ಮತದಾರರಿಗೆ ಹಂಚಲು ಸಾಗಿಸುವ ನಗದು, ಮದ್ಯ, ಉಡುಗೊರೆಗಳ ಜಪ್ತಿಯೂ ಇದೇ ವ್ಯವಸ್ಥೆಯ ಭಾಗ. 2024ರ ಲೋಕಸಭಾ ಚುನಾವಣೆಯಲ್ಲಿ ಮೊದಲ ಹಂತದ ಮತದಾನಕ್ಕೆ ಮುಂಚೆಯೇ ಜಪ್ತಿಯಾದ ವಸ್ತುಗಳ ಮೌಲ್ಯ 4,650 ಕೋಟಿ ರೂಪಾಯಿ. 2019ರ ಇಡೀ ಚುನಾವಣೆಯಲ್ಲಿ ಅದು ಸುಮಾರು 3,475 ಕೋಟಿಯಾಗಿತ್ತು. ಚೆನ್ನೈಯ ಆರ್.ಕೆ. ನಗರದಲ್ಲಿ 2017ರ ಏಪ್ರಿಲ್ 12ರಂದು ನಡೆಯಬೇಕಾಗಿದ್ದ ಉಪಚುನಾವಣೆಯನ್ನು ಹಣ ಹಂಚಿಕೆಯ ಕಾರಣದಿಂದ ಮೂರು ದಿನ ಮೊದಲು ಆಯೋಗವು ರದ್ದುಪಡಿಸಿತು. ಮತದಾನ ನಡೆದದ್ದು ಡಿಸೆಂಬರ್ 21ರಂದು. ವೆಲ್ಲೂರು ಲೋಕಸಭಾ ಕ್ಷೇತ್ರದ ಚುನಾವಣೆಯನ್ನು 2019ರ ಏಪ್ರಿಲಿನಲ್ಲಿ ಆಯೋಗದ ಶಿಫಾರಸಿನಂತೆ ರಾಷ್ಟ್ರಪತಿಗಳು ರದ್ದುಗೊಳಿಸಿದರು.

ಬಾಗಿಲಿಗೆ ಬೀಗ, ಕಿಟಕಿ ತೆರೆದಿದೆ

ಹೀಗೆ ಅಭ್ಯರ್ಥಿಯ ಚಹಾದ ಲೋಟವನ್ನೂ ಎಣಿಸುವ ಕಾನೂನು, ಅವನ ಪಕ್ಷವು ಎಷ್ಟು ಖರ್ಚು ಮಾಡಬಹುದೆಂಬುದಕ್ಕೆ ಮಿತಿಯನ್ನೇ ಹಾಕಿಲ್ಲ. ಇದು ಆಕಸ್ಮಿಕವಾಗಿ ಉಳಿದ ಲೋಪವಲ್ಲ. ದೆಹಲಿ ಸದರ್ ಕ್ಷೇತ್ರದ 1971ರ ಚುನಾವಣೆಯ ತಕರಾರಿನಲ್ಲಿ 1974ರ ಅಕ್ಟೋಬರ್ 3ರಂದು ತೀರ್ಪಿತ್ತ ಉಚ್ಚತಮ ನ್ಯಾಯಾಲಯವು, ಅಭ್ಯರ್ಥಿಗಾಗಿ ಪಕ್ಷವು ಮಾಡಿದ ಖರ್ಚನ್ನೂ ಅವನ ಲೆಕ್ಕಕ್ಕೆ ಸೇರಿಸತಕ್ಕದ್ದೆಂದು ಹೇಳಿತು. ಕೆಲವೇ ವಾರಗಳಲ್ಲಿ ಸುಗ್ರೀವಾಜ್ಞೆ ಹೊರಟು, ನಂತರ ಅಧಿನಿಯಮಕ್ಕೆ ತಿದ್ದುಪಡಿಯಾಗಿ, ಪಕ್ಷದ ಹಾಗೂ ಹಿತೈಷಿಗಳ ಖರ್ಚು ಅಭ್ಯರ್ಥಿಯ ಲೆಕ್ಕದಿಂದ ಹೊರಗುಳಿಯಿತು. 2003ರ ತಿದ್ದುಪಡಿ ಈ ವಿನಾಯಿತಿಯನ್ನು ಪಕ್ಷದ ಪ್ರಮುಖ ಪ್ರಚಾರಕರ ಪ್ರಯಾಣವೆಚ್ಚಕ್ಕೆ ಸೀಮಿತಗೊಳಿಸಿತು. ಆದರೂ ಯಾವೊಬ್ಬ ಅಭ್ಯರ್ಥಿಯನ್ನೂ ಹೆಸರಿಸದೆ ಪಕ್ಷವು ನಡೆಸುವ ಸಾಮಾನ್ಯ ಪ್ರಚಾರಕ್ಕೆ ಇಂದಿಗೂ ಮಿತಿಯಿಲ್ಲ. ಪಕ್ಷಗಳು ವಿಧಾನಸಭಾ ಚುನಾವಣೆಯಾದ 75 ದಿನಗಳೊಳಗೆ, ಲೋಕಸಭಾ ಚುನಾವಣೆಯಾದ 90 ದಿನಗಳೊಳಗೆ ಖರ್ಚಿನ ವಿವರವನ್ನು ಸಲ್ಲಿಸಬೇಕೆಂಬುದಷ್ಟೇ ನಿಯಮ.

ಪಕ್ಷಗಳ ವಾರ್ಷಿಕ ಲೆಕ್ಕ ಇದಕ್ಕಿಂತ ಮುಖ್ಯವಾದುದು. 29ಸಿ ಪ್ರಕರಣದಂತೆ 20,000 ರೂಪಾಯಿ ಮೀರಿದ ದೇಣಿಗೆ ಕೊಟ್ಟವರ ಹೆಸರುಗಳನ್ನು ಪಕ್ಷವು ಪ್ರತಿ ವರ್ಷ ನಮೂನೆ 24ಎಯಲ್ಲಿ ಆಯೋಗಕ್ಕೆ ತಿಳಿಸಬೇಕು. ವಿದೇಶಿ ಮೂಲದ ಮತ್ತು ಸರ್ಕಾರಿ ಕಂಪನಿಗಳ ದೇಣಿಗೆ ನಿಷಿದ್ಧ. ಲೆಕ್ಕಪರಿಶೋಧಿತ ವಾರ್ಷಿಕ ಲೆಕ್ಕಪತ್ರವೂ ಆಯೋಗಕ್ಕೆ ಬರಬೇಕು. ಇವು ಆಯೋಗದ ಅಂತರಜಾಲ ತಾಣದಲ್ಲಿ ಪ್ರಕಟವಾಗುತ್ತವೆ; ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತೆಂಬುದನ್ನು ಸೊಲ್ಲಾಪುರದಲ್ಲೋ ಸಿಕಂದರಾಬಾದಿನಲ್ಲೋ ಕುಳಿತು ಯಾರು ಬೇಕಾದರೂ ಓದಬಹುದು. ಆದರೆ ಪ್ರತಿ ದೇಣಿಗೆಯನ್ನೂ 20,000ಕ್ಕಿಂತ ಕೆಳಗಿಟ್ಟರೆ ಹೆಸರು ಹೇಳುವ ಕಟ್ಟುಪಾಡು ತಪ್ಪಿಹೋಗುತ್ತದೆ. 2017ರಿಂದ ನಗದಾಗಿ ಸ್ವೀಕರಿಸುವ ದೇಣಿಗೆಗೆ ಮಾತ್ರ 2,000 ರೂಪಾಯಿಯ ಮಿತಿಯಿದೆ.

ಕಂಪನಿಗಳ ದೇಣಿಗೆಯ ಇತಿಹಾಸವೂ ಗಮನಾರ್ಹ. 1969ರಲ್ಲಿ ಅದನ್ನು ಸಂಪೂರ್ಣ ನಿಷೇಧಿಸಿ, 1985ರಲ್ಲಿ ಲಾಭದ ಇಂತಿಷ್ಟು ಪಾಲೆಂಬ ಮಿತಿಗೊಳಪಡಿಸಿ ಮತ್ತೆ ಅನುಮತಿಸಲಾಯಿತು. 2013ರಲ್ಲಿ ಆ ಮಿತಿ ಶೇಕಡ 7.5ಕ್ಕೇರಿತು. 2017ರಲ್ಲಿ ಮಿತಿಯನ್ನೇ ತೆಗೆದು, ದಾನಿಯ ಹೆಸರು ಹೊರಗೆ ತಿಳಿಯದಂತೆ ಭಾರತೀಯ ಸ್ಟೇಟ್ ಬ್ಯಾಂಕಿನ ಮೂಲಕ ಮಾರುವ ಚುನಾವಣಾ ಬಾಂಡುಗಳಿಗೆ ದಾರಿ ಮಾಡಲಾಯಿತು. ಬಾಂಡುಗಳ ಮೂಲಕ ಬಂದ ದೇಣಿಗೆಯನ್ನು ಆಯೋಗಕ್ಕೆ ವರದಿ ಮಾಡುವ ಅವಶ್ಯಕತೆಯೂ ತಪ್ಪಿತು. ಇದು ಪಾರದರ್ಶಕತೆಗೆ ಹಿನ್ನಡೆಯೆಂದು ಆಯೋಗವು 2017ರ ಮೇ ತಿಂಗಳಲ್ಲಿಯೇ ಕಾನೂನು ಸಚಿವಾಲಯಕ್ಕೆ ಬರೆಯಿತು. ಸಲಹೆಗೆ ಮನ್ನಣೆ ದೊರೆಯಲಿಲ್ಲ. 2018ರ ಜನವರಿಯಲ್ಲಿ ಅಧಿಸೂಚಿತವಾದ ಯೋಜನೆ ಆರು ವರ್ಷ ನಡೆದು, ಸುಮಾರು 16,500 ಕೋಟಿ ರೂಪಾಯಿಯ ಬಾಂಡುಗಳು ಮಾರಾಟವಾದವು. 2024ರ ಫೆಬ್ರವರಿ 15ರಂದು ಐವರು ನ್ಯಾಯಾಧೀಶರ ಪೀಠವು ಯೋಜನೆಯನ್ನೂ, ಕಂಪನಿ ದೇಣಿಗೆಯ ಮಿತಿಯನ್ನು ತೆಗೆದ ತಿದ್ದುಪಡಿಯನ್ನೂ ಅಸಾಂವಿಧಾನಿಕವೆಂದು ಸಾರಿತು. ಪಕ್ಷಕ್ಕೆ ಹಣ ಎಲ್ಲಿಂದ ಬರುತ್ತದೆಂಬುದನ್ನು ತಿಳಿಯುವುದು ಮತದಾರನ ಹಕ್ಕಿನ ಭಾಗವೆಂಬುದು ತೀರ್ಪಿನ ತಿರುಳು. ನ್ಯಾಯಾಲಯದ ಆದೇಶದಂತೆ ಬ್ಯಾಂಕು ಒಪ್ಪಿಸಿದ ವಿವರಗಳನ್ನು ಆಯೋಗವು ಮಾರ್ಚ್ 14ರಂದು ಪ್ರಕಟಿಸಿತು. ಯಾವ ಬಾಂಡು ಯಾವ ಪಕ್ಷಕ್ಕೆ ಸಂದಿತೆಂದು ಹೊಂದಿಸಿ ನೋಡಲು ಬೇಕಾದ ಸಂಖ್ಯೆಗಳು ಮಾರ್ಚ್ 21ರಂದು ಹೊರಬಂದವು.

ಬಾಂಡುಗಳು ಹೋದರೂ ಚುನಾವಣಾ ನ್ಯಾಸಗಳು ಉಳಿದಿವೆ. 2013ರ ಯೋಜನೆಯಂತೆ ಇವು ಕಂಪನಿಗಳಿಂದಲೂ ವ್ಯಕ್ತಿಗಳಿಂದಲೂ ಹಣ ಪಡೆದು, ವರ್ಷದಲ್ಲಿ ಬಂದದ್ದರ ಶೇಕಡ 95ರಷ್ಟನ್ನು ಪಕ್ಷಗಳಿಗೆ ಹಂಚಿ, ಕೊಟ್ಟವರ ಮತ್ತು ಪಡೆದವರ ಹೆಸರುಗಳೊಡನೆ ಆಯೋಗಕ್ಕೆ ವರದಿ ಸಲ್ಲಿಸಬೇಕು. ಆದರೆ ಹಲವು ದಾನಿಗಳ ಹಣ ಒಂದೇ ಪಾತ್ರೆಯಲ್ಲಿ ಬೆರೆಯುವುದರಿಂದ ಯಾರ ಹಣ ಯಾರಿಗೆ ಹೋಯಿತೆಂಬುದು ಎಷ್ಟೋ ವೇಳೆ ಸ್ಪಷ್ಟವಾಗುವುದಿಲ್ಲ.

ಪಕ್ಷವು ಈ ವರದಿಗಳನ್ನು ಸಲ್ಲಿಸದಿದ್ದರೆ ಏನಾಗುತ್ತದೆ? 29ಸಿ ಪ್ರಕರಣವು ವಿಧಿಸುವ ಪರಿಣಾಮ ಒಂದೇ: ಆದಾಯ ತೆರಿಗೆಯ ವಿನಾಯಿತಿ ತಪ್ಪುತ್ತದೆ. ಅಭ್ಯರ್ಥಿಯನ್ನು ಮೂರು ವರ್ಷ ಅನರ್ಹಗೊಳಿಸಬಲ್ಲ ಆಯೋಗವು ಪಕ್ಷಕ್ಕೆ ದಂಡ ವಿಧಿಸಲಾರದು. ಲೆಕ್ಕವನ್ನು ಪರಿಶೋಧಿಸುವವರು ಪಕ್ಷವೇ ನೇಮಿಸಿಕೊಂಡ ಸನ್ನದು ಲೆಕ್ಕಪರಿಶೋಧಕರು. ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೇಖಪಾಲರು ಒಪ್ಪಿದ ಸಂಸ್ಥೆಗಳಿಂದ ಪರಿಶೋಧನೆ ನಡೆಯಲೆಂದು ಆಯೋಗವು 2004ರಲ್ಲಿ ಮಾಡಿದ ಶಿಫಾರಸು ಕಾನೂನಾಗಿಲ್ಲ. ಹಣದ ದಫ್ತರವನ್ನು ಇಡುವ ಹೊಣೆ ಆಯೋಗದ್ದು. ತಪ್ಪಿದ ಪಕ್ಷವನ್ನು ಶಿಕ್ಷಿಸುವ ಅಧಿಕಾರ ಕೊಡಬೇಕಾದ್ದು ಅದೇ ಪಕ್ಷಗಳಿರುವ ಸಂಸತ್ತು.

ಹೀಗಿರುವಲ್ಲಿ ದಾಖಲೆಗಳನ್ನು ತೆರೆದು ನೋಡುವ ನಾಗರಿಕನಿಗೆ ವಿಶೇಷ ಮಹತ್ವವಿದೆ. ಅಭ್ಯರ್ಥಿಯೊಬ್ಬನು ಲೆಕ್ಕ ಸಲ್ಲಿಸಿದ ಎರಡು ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಯವರು ಅವನ ಹೆಸರು, ಸಲ್ಲಿಸಿದ ದಿನಾಂಕ, ಲೆಕ್ಕವನ್ನು ನೋಡಬಹುದಾದ ಸ್ಥಳ ಹಾಗೂ ವೇಳೆಯನ್ನು ತಮ್ಮ ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸಬೇಕೆಂದು 1961ರ ಚುನಾವಣೆಗಳ ನಿರ್ವಹಣಾ ನಿಯಮಗಳು ವಿಧಿಸಿವೆ. ನೋಡಲು ಬರುವವರು ಆ ಕ್ಷೇತ್ರದ ಮತದಾರರೇ ಆಗಿರಬೇಕೆಂದಿಲ್ಲ, ಯಾರಾದರೂ ಆಗಬಹುದು. ದೃಢೀಕೃತ ನಕಲು ಬೇಕಾದವರು ಆಯೋಗ ಗೊತ್ತುಪಡಿಸಿದ ಶುಲ್ಕ ತೆರಬೇಕು. ಪರಿಶೀಲನೆಗೆ ನಿಯಮದಲ್ಲಿ ನಮೂದಾಗಿರುವ ಶುಲ್ಕ ಒಂದು ರೂಪಾಯಿ.